ಎಣ್ಣೆಗೋ, ಹಿಂಡಿಗೋ? ಲಿಗ್ನಾನ್ ಹೋಗುವ ದಾರಿ

ಮೇಜಿನ ಮೇಲೆ ಎರಡು ಟೆಸ್ಟ್ ಟ್ಯೂಬ್ ಇಟ್ಟಿದ್ದೇನೆ. ಒಂದರಲ್ಲಿ ನಮ್ಮ ಮನೆಯಲ್ಲೇ ಬೆಣ್ಣೆ ಕಾಯಿಸಿ ಮಾಡಿದ ತುಪ್ಪ. ಇನ್ನೊಂದರಲ್ಲೂ ಅದೇ ತುಪ್ಪ, ಆದರೆ ಅದಕ್ಕೆ ನಾನೇ ಬೇಕಂತ ಒಂದಿಷ್ಟು ಎಳ್ಳೆಣ್ಣೆ ಬೆರೆಸಿದ್ದೇನೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿವೆ, ಅಲ್ವಾ? ಮುಂದಿನ ಸಾಲಿನವರು ಮೂಸಿಯೂ ನೋಡಿದರು, ವ್ಯತ್ಯಾಸ ಗೊತ್ತಾಗಲಿಲ್ಲ ಅಂದರು. ಈಗ ಎರಡಕ್ಕೂ ಅಷ್ಟೇ ಅಳತೆಯ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್, ಜೊತೆಗೆ ಕೆಲವು ಹನಿ ಫರ್ಫ್ಯೂರಾಲ್ ದ್ರಾವಣ ಹಾಕಿ ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸುತ್ತೇನೆ. ಹಳೆಯ ಕಾಲದಲ್ಲಿ ಫರ್ಫ್ಯೂರಾಲ್ ಬದಲು ಚಿಟಿಕೆ ಸಕ್ಕರೆ ಹಾಕುತ್ತಿದ್ದರು, ಅದರಲ್ಲೂ ಆಗುತ್ತದೆ. ಮನೆಯಲ್ಲಿ ಮಾತ್ರ ಇದನ್ನ ಮಾಡೋಕೆ ಹೋಗಬೇಡಿ. ಈ ಆಸಿಡ್ಡಿನ ಹೊಗೆ ಮೂಗಿಗೂ ಕೆಟ್ಟದ್ದು, ಸಿಂಕಿಗೂ ಕೆಟ್ಟದ್ದು.

ಈಗ ನೋಡಿ. ಕೊಬ್ಬು ಮೇಲೆ ತೇಲಿತು, ಆಸಿಡ್ ಕೆಳಗೆ ನಿಂತಿತು. ಮೊದಲನೆಯದರಲ್ಲಿ ಕೆಳಗಿನ ಪದರ ಬಣ್ಣವಿಲ್ಲದೆ ಹಾಗೇ ಇದೆ. ಎರಡನೆಯದರಲ್ಲಿ ಗುಲಾಬಿ. ಇನ್ನೊಂದು ನಿಮಿಷ ಬಿಟ್ಟರೆ ದಾಳಿಂಬೆ ರಸದ ಹಾಗೆ ಗಾಢವಾಗುತ್ತದೆ. ಇದಕ್ಕೆ ಬಾಡೋಯಿನ್ ಟೆಸ್ಟ್ ಅಂತ ಹೆಸರು. ಆಹಾರ ಕಲಬೆರಕೆ ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ ಕೆಲಸ ಮಾಡಿದ ಯಾರನ್ನೇ ಕೇಳಿ, ನಿದ್ದೆಯಲ್ಲೂ ಇದರ ವಿಧಾನ ಹೇಳುತ್ತಾರೆ.

ತುಪ್ಪಕ್ಕೆ ಎಳ್ಳೆಣ್ಣೆ ಬೆರೆಸುವ ಕಳ್ಳರು ಎಲ್ಲಿದ್ದಾರೆ, ಎಳ್ಳೆಣ್ಣೆಯೇನು ಅಗ್ಗವೇ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬೆರೆಸುತ್ತಿದ್ದದ್ದು ವನಸ್ಪತಿಯನ್ನ, ನಾವೆಲ್ಲ ಡಾಲ್ಡಾ ಅಂತಲೇ ಕರೆಯುತ್ತಿದ್ದೆವಲ್ಲ, ಅದನ್ನ. ತುಪ್ಪದ ಹಾಗೇ ಹರಳುಹರಳಾಗಿ ಹೆಪ್ಪುಗಟ್ಟುತ್ತಿತ್ತು, ಬೆರೆಸಿದರೆ ಗೊತ್ತೇ ಆಗುತ್ತಿರಲಿಲ್ಲ. ವನಸ್ಪತಿಗೆ ಬಣ್ಣ ಹಾಕಿಬಿಡೋಣ ಅನ್ನುವ ಚರ್ಚೆಯೂ ದೇಶದಲ್ಲಿ ಜೋರಾಗಿಯೇ ನಡೆಯಿತು. ಆದರೆ ಕಾಯಿಸಿದರೂ ಹೋಗದ, ತಿಂದರೂ ತೊಂದರೆ ಮಾಡದ, ಕಳ್ಳರಿಗೆ ತೆಗೆಯೋಕೂ ಬಾರದ ಬಣ್ಣ ಸಿಗುವುದು ಸುಲಭವಲ್ಲ. ಕೊನೆಗೆ ನಿಂತದ್ದು ಜಾಣತನದ ಒಂದು ನಿಯಮ. ವನಸ್ಪತಿ ತಯಾರಿಸುವವರು ಅದರಲ್ಲಿ ಕಡ್ಡಾಯವಾಗಿ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸಬೇಕು. ಅಂದರೆ ಬಣ್ಣವನ್ನ ಹಾಕಲಿಲ್ಲ, ಬಣ್ಣ ಬರುವ ಸಾಧ್ಯತೆಯನ್ನ ಒಳಗೆ ಬಚ್ಚಿಟ್ಟರು. ಯಾರಾದರೂ ಅದನ್ನ ತುಪ್ಪಕ್ಕೆ ಬೆರೆಸಿದರೆ ಲ್ಯಾಬಿನಲ್ಲಿ ಟ್ಯೂಬು ಕೆಂಪಾಗುತ್ತದೆ. ದಶಕಗಳ ಕಾಲ ಈ ದೇಶದ ತುಪ್ಪದ ಕಾವಲುಗಾರ ಎಳ್ಳೇ.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ಈ ಗುಲಾಬಿ ಬಣ್ಣಕ್ಕೆ ಕಾರಣ ಎಳ್ಳಿನಲ್ಲಿರುವ ಸೆಸಮೊಲಿನ್ ಅನ್ನುವ ಒಂದು ಲಿಗ್ನಾನ್. ಆಸಿಡ್ ಬಿದ್ದ ಕೂಡಲೇ ಅದು ಮುರಿದು ಸೆಸಮಾಲ್ ಹೊರಗೆ ಬರುತ್ತದೆ, ಸೆಸಮಾಲ್ ಫರ್ಫ್ಯೂರಾಲ್ ಜೊತೆ ಸೇರಿ ಬಣ್ಣ ಕಟ್ಟುತ್ತದೆ. ಲಿಗ್ನಾನ್ ಅನ್ನುವ ಪದವನ್ನ ನೀವು ಈಗೀಗ ಅಗಸೆ ಪ್ಯಾಕೆಟ್ ಮೇಲೆ, ಕ್ಯಾಪ್ಸೂಲ್ ಡಬ್ಬಿ ಮೇಲೆ ಓದಿರುತ್ತೀರಿ. ಅದು ಕಣ್ಣಿಗೆ ಕಾಣುವ ವಸ್ತುವೇನಲ್ಲ, ವಾಸನೆಯೂ ಇಲ್ಲ. ಅದಕ್ಕೇ ಮೊದಲು ಬಣ್ಣ ತೋರಿಸಿ ಆಮೇಲೆ ಮಾತು ಶುರು ಮಾಡೋಣ ಅಂತ ಟ್ಯೂಬು ತಂದೆ.

ಲಿಗ್ನಾನ್ ಅಂದರೆ ಏನು? ಲವಂಗದ ಘಮ ಗೊತ್ತಲ್ಲ, ಅದು ಯೂಜಿನಾಲ್. ಆರು ಇಂಗಾಲದ ಒಂದು ಉಂಗುರ, ಅದಕ್ಕೆ ಮೂರು ಇಂಗಾಲದ ಒಂದು ಬಾಲ. ಗಿಡಗಳ ಒಳಗೆ ಇಂಥ ಉಂಗುರ-ಬಾಲದ ಅಣುಗಳು ಬೇಕಾದಷ್ಟು ತಯಾರಾಗುತ್ತವೆ. ಒಂಟಿಯಾಗಿ ಉಳಿದರೆ ಎಷ್ಟೋ ಸಲ ಪರಿಮಳ. ಇಂಥ ಎರಡು ಅಣುಗಳು ಬಾಲದ ನಡುಭಾಗದಲ್ಲಿ ಕೈ ಹಿಡಿದು ಜೋಡಿಯಾದರೆ ಅದು ಲಿಗ್ನಾನ್. ಜೋಡಿಯಲ್ಲೇ ನಿಲ್ಲದೆ ಸಾವಿರಾರು ಸೇರಿ ಬಲೆಯಂತೆ ಹೆಣೆದುಕೊಂಡರೆ ಅದು ಲಿಗ್ನಿನ್, ಅಂದರೆ ಕಟ್ಟಿಗೆಯನ್ನ ಕಟ್ಟಿಗೆ ಮಾಡುವ ವಸ್ತು. ಹೆಸರು ಒಂದೇ ಅಕ್ಷರದಲ್ಲಿ ಬೇರೆ, ಹಾಗಾಗಿ ಪತ್ರಿಕೆಯವರು ಎಷ್ಟೋ ಸಲ ಒಂದರ ಜಾಗದಲ್ಲಿ ಇನ್ನೊಂದನ್ನ ಅಚ್ಚು ಹಾಕುತ್ತಾರೆ. ಲಿಗ್ನಮ್ ಅಂದರೆ ಲ್ಯಾಟಿನ್ನಿನಲ್ಲಿ ಮರ, ಎರಡೂ ಹೆಸರು ಅಲ್ಲಿಂದಲೇ. ಲಿಗ್ನಾನ್ ಅಂತ ನಾಮಕರಣ ಮಾಡಿದ್ದು 1936ರಲ್ಲಿ, ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಹಾವರ್ತ್. ಕೂಸು ಮಾತ್ರ ಅದಕ್ಕಿಂತ ಸುಮಾರು ನೂರು ವರ್ಷ ಮೊದಲೇ ಹುಟ್ಟಿತ್ತು. ಗ್ರಂಥಿಗೆ ಅಂಗಡಿಯಲ್ಲಿ ಬಾಲಮೆಣಸು ಅಂತ ಸಿಗುತ್ತದಲ್ಲ, ಕಾಳುಮೆಣಸಿಗೆ ಪುಟ್ಟ ಬಾಲ ಇದ್ದ ಹಾಗೆ? ಅದರಿಂದ ಕ್ಯುಬೆಬಿನ್ ಅನ್ನುವ ಲಿಗ್ನಾನನ್ನ ಫ್ರಾನ್ಸಿನವರು 1839ರಲ್ಲೇ ಬೇರ್ಪಡಿಸಿದ್ದರು. ಅದು ಯಾವ ಮನೆತನದ್ದು ಅಂತ ಗೊತ್ತಿರಲಿಲ್ಲ, ಅಷ್ಟೇ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ, ಸ್ವಲ್ಪ ಪಕ್ಕದ ದಾರಿಗೆ ಹೋಗುತ್ತೇನೆ. ಈ ಅಣುಗಳನ್ನ ಸುಮ್ನೆ ಗಾಜಿನ ಪಾತ್ರೆಯಲ್ಲಿ ಬಿಟ್ಟು ಜೋಡಿಯಾಗಿ ಅಂದರೆ ಮನಸ್ಸಿಗೆ ಬಂದ ಕಡೆ ಅಂಟಿಕೊಳ್ಳುತ್ತವೆ. ತಲೆಗೆ ಬಾಲ, ಬಾಲಕ್ಕೆ ಬಾಲ, ಎಡಗೈಗೆ ಬಲಗೈ, ಎಲ್ಲ ಕಲಸುಮೇಲೋಗರ. ಗಿಡದ ಒಳಗೆ ಹಾಗಾಗುವುದಿಲ್ಲ, ಒಂದೇ ಬಗೆಯ ಜೋಡಿ ಅಚ್ಚುಕಟ್ಟಾಗಿ ಬರುತ್ತದೆ. ಅದು ಹೇಗೆ ಅಂತ 1997ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ನಾರ್ಮನ್ ಲೂಯಿಸ್ ತಂಡ ಫೋರ್ಸೈಥಿಯಾ ಅನ್ನುವ ಹೂಗಿಡದಲ್ಲಿ ಕಂಡುಹಿಡಿಯಿತು. ಅಲ್ಲೊಂದು ಪ್ರೋಟೀನ್ ಇದೆ. ತಾನಾಗಿ ಅದು ಯಾವ ರಾಸಾಯನಿಕ ಕ್ರಿಯೆಯನ್ನೂ ನಡೆಸುವುದಿಲ್ಲ. ಎರಡು ಅಣುಗಳನ್ನ ಸರಿಯಾದ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುತ್ತದೆ, ಅಷ್ಟೇ ಅದರ ಕೆಲಸ. ಮದುವೆ ಮನೆಯಲ್ಲಿ ಪುರೋಹಿತರು ಹುಡುಗ ಹುಡುಗಿಯನ್ನ ಎದುರುಬದುರು ನಿಲ್ಲಿಸಿ, 'ಇಲ್ಲಿ ಕೈ ಇಡಮ್ಮ, ಅದಲ್ಲ, ಬಲಗೈ' ಅಂತ ಧಾರೆಗೆ ಕೈ ಕೂಡಿಸುತ್ತಾರಲ್ಲ, ಹಾಗೆ. ಅದಕ್ಕೆ ಡಿರಿಜೆಂಟ್ ಪ್ರೋಟೀನ್ ಅಂತ ಹೆಸರಿಟ್ಟರು, ದಿಕ್ಕು ತೋರಿಸುವುದು ಅಂತ ಅರ್ಥ.

ಗಿಡ ಇಷ್ಟು ಶ್ರಮ ಪಡುವುದು ನಮ್ಮ ಬಿ.ಪಿ. ಇಳಿಸೋಕಲ್ಲ. ಹುಳ, ಬೂಷ್ಟು ಇವನ್ನ ದೂರ ಇಡೋಕೆ. 1940ರ ಹೊತ್ತಿಗೆ ಅಮೆರಿಕದಲ್ಲಿ ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆತ್ರಮ್ ಅನ್ನುವ ಕೀಟನಾಶಕಕ್ಕೆ ಬೇರೆ ಬೇರೆ ಎಣ್ಣೆ ಬೆರೆಸಿ ನೊಣದ ಮೇಲೆ ಪ್ರಯೋಗ ಮಾಡುತ್ತಿದ್ದರು. ಎಳ್ಳೆಣ್ಣೆ ಬೆರೆಸಿದಾಗ ಮಾತ್ರ ನೊಣಗಳು ಹೆಚ್ಚು ಸತ್ತವು. ಎಳ್ಳೆಣ್ಣೆಯೊಂದನ್ನೇ ಹೊಡೆದರೆ ನೊಣಕ್ಕೆ ಏನೂ ಆಗುತ್ತಿರಲಿಲ್ಲ. ಹುಡುಕಿದಾಗ ಅದರೊಳಗಿನ ಸೆಸಮಿನ್ ಸಿಕ್ಕಿತು. ನೊಣದ ದೇಹದಲ್ಲಿ ವಿಷವನ್ನ ಒಡೆದು ಹೊರಗೆ ಹಾಕುವ ಕಿಣ್ವಗಳಿವೆ, ಸೆಸಮಿನ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ, ಹಾಗಾಗಿ ಸ್ವಲ್ಪ ವಿಷವೇ ಸಾಕಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಸೊಳ್ಳೆ ಹೊಡೆಯಲು ಕೊಟ್ಟ ಮೊದಲ ಸ್ಪ್ರೇ ಡಬ್ಬಿಗಳಲ್ಲಿ ಪೈರೆತ್ರಮ್ ಜೊತೆ ಎಳ್ಳೆಣ್ಣೆಯೂ ಇತ್ತು! ಆಮೇಲೆ ಸೆಸಮಿನ್ನಿನಲ್ಲಿರುವಂಥದ್ದೇ ಒಂದು ತುಣುಕನ್ನ ಇಟ್ಟುಕೊಂಡು ಪೈಪೆರೊನಿಲ್ ಬ್ಯುಟಾಕ್ಸೈಡ್ ತಯಾರಿಸಿದರು. ಮನೆಗೆ ಹೋದ ಮೇಲೆ ಕೀಟನಾಶಕ ಸ್ಪ್ರೇ ಡಬ್ಬಿ ಇದ್ದರೆ ಹಿಂದಿನ ಸಣ್ಣಕ್ಷರ ಓದಿ, ಎಷ್ಟೋ ಡಬ್ಬಿಗಳಲ್ಲಿ ಆ ಹೆಸರು ಇರುತ್ತದೆ. ಸಂಕ್ರಾಂತಿ ಎಳ್ಳಿನ ದೂರದ ನೆಂಟ ಅದು.

ಸರಿ, ಈಗ ಅಡುಗೆಮನೆಗೆ ಬರೋಣ. ನಾನು ಇವತ್ತು ನಿಮಗೆ ಹೇಳಬೇಕು ಅಂತ ಬಂದದ್ದು ಒಂದೇ ಮಾತು. ಯಾವ ಕಾಳಿನಲ್ಲಿ ಎಷ್ಟು ಲಿಗ್ನಾನ್ ಇದೆ ಅಂತ ಪಟ್ಟಿ ನೋಡಿದರೆ ಅರ್ಧ ಕಥೆಯೂ ಗೊತ್ತಾಗುವುದಿಲ್ಲ. ಆ ಕಾಳನ್ನ ನಾವು ಏನು ಮಾಡುತ್ತೇವೆ, ಅರೆಯುತ್ತೇವೋ, ಹಿಂಡುತ್ತೇವೋ, ಹುರಿಯುತ್ತೇವೋ, ಆಗ ಲಿಗ್ನಾನ್ ಯಾವ ಕಡೆ ಹೋಗುತ್ತದೆ, ಅದನ್ನ ನೋಡಬೇಕು. ಇದಕ್ಕೆ ಎಳ್ಳು ಮತ್ತು ಅಗಸೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರೆ ಸಾಕು. ಎರಡೂ ಎಣ್ಣೆಕಾಳು, ಎರಡರಲ್ಲೂ ಲಿಗ್ನಾನ್ ಧಾರಾಳ. ಸ್ವಭಾವ ಮಾತ್ರ ತದ್ವಿರುದ್ಧ.

ಎಳ್ಳಿನ ಸೆಸಮಿನ್, ಸೆಸಮೊಲಿನ್ ಎರಡೂ ಎಣ್ಣೆಯಲ್ಲಿ ಕರಗುವಂಥವು. ಗಾಣಕ್ಕೆ ಹಾಕಿದರೆ ಎಣ್ಣೆಯ ಜೊತೆಗೇ ಇಳಿದುಬರುತ್ತವೆ. ನಮ್ಮಲ್ಲಿ ಎಳ್ಳೆಣ್ಣೆಗೆ ಒಳ್ಳೆಣ್ಣೆ ಅಂತಲೂ ಅನ್ನುತ್ತಾರಲ್ಲ, ಆ ಒಳ್ಳೆಯತನದಲ್ಲಿ ಇವುಗಳ ಪಾಲೂ ಇದೆ. ಆದರೆ ಎಲ್ಲ ಲಿಗ್ನಾನೂ ಎಣ್ಣೆಗೆ ಬಂತು ಅಂದುಕೊಳ್ಳಬೇಡಿ. ಅದೇ ಎಳ್ಳಿನಲ್ಲಿ ಸೆಸಮಿನಾಲ್ ಅಂತ ಇನ್ನೊಂದಿದೆ, ಅದು ಸಕ್ಕರೆ ಅಣುಗಳನ್ನ ಬೆನ್ನಿಗೆ ಕಟ್ಟಿಕೊಂಡಿರುತ್ತದೆ. ಸಕ್ಕರೆ ಹೊತ್ತದ್ದು ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ದನದ ಪಾಲಿಗೆ. ಹಾಗಾಗಿ ಎಳ್ಳುಂಡೆ ತಿಂದವರಿಗೆ ಎರಡೂ ಸಿಕ್ಕಿತು, ಎಣ್ಣೆ ಕೊಂಡವರಿಗೆ ಒಂದೇ ಸಿಕ್ಕಿತು.

ಎಳ್ಳೆಣ್ಣೆ ಬೇಗ ಕನರುವುದಿಲ್ಲ ಅಂತ ನಿಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಪುಳಿಯೋಗರೆ ಗೊಜ್ಜಿಗೆ ಎಳ್ಳೆಣ್ಣೆಯೇ ಬೇಕು ಅನ್ನುವುದರಲ್ಲಿ ರುಚಿ ಒಂದು ಕಾರಣ, ಬಾಳಿಕೆ ಇನ್ನೊಂದು. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಇದೆ, ಓದಿದವರೂ ಮಾಡುತ್ತಾರೆ. ಎಣ್ಣೆಯನ್ನ ಕಾಪಾಡುವುದು ಸೆಸಮಿನ್ ಅಂತ ಬರೆಯುತ್ತಾರೆ. ಅಲ್ಲ. ಎಣ್ಣೆ ಕೆಡದಂತೆ ನೋಡಿಕೊಳ್ಳಬೇಕಾದರೆ ಅಣುವಿಗೆ ಕೊಡೋಕೆ ಒಂದು ಬಿಡುವಾದ ಜಲಜನಕ ಬೇಕು, ಸೆಸಮಿನ್ ಹತ್ತಿರ ಅದಿಲ್ಲ, ಎರಡು ಕೈಯೂ ಕಟ್ಟಿಕೊಂಡಿವೆ. ಬಾಟಲಿಯೊಳಗೆ ಕೆಲಸ ಮಾಡುವುದು ಸೆಸಮಾಲ್, ಆಗಲೇ ಟ್ಯೂಬಿನಲ್ಲಿ ಕೆಂಪಾಯಿತಲ್ಲ, ಅದೇ ವ್ಯಕ್ತಿ. ಎಳ್ಳನ್ನ ಹುರಿದಾಗ ಸೆಸಮೊಲಿನ್ ಬಿಸಿಗೆ ಮುರಿದು ಸೆಸಮಾಲ್ ಆಗುತ್ತದೆ. ಹುರಿದ ಎಳ್ಳಿನ ಎಣ್ಣೆ ಹಸಿ ಎಳ್ಳಿನ ಎಣ್ಣೆಗಿಂತ ಜಾಸ್ತಿ ದಿನ ತಡೆಯುವುದಕ್ಕೆ ಇದೂ ಒಂದು ಕಾರಣ. ಆಸಿಡ್ ಮಾಡಿದ ಕೆಲಸವನ್ನೇ ಬಾಣಲೆ ಸ್ವಲ್ಪ ನಿಧಾನವಾಗಿ ಮಾಡುತ್ತದೆ.

ಹಾಗಾದರೆ ಸೆಸಮಿನ್ ದಂಡವೇ? ಇಲ್ಲ, ಅದು ಹೊಟ್ಟೆಗೆ ಹೋದ ಮೇಲೆ ಕೆಲಸ ಶುರು ಮಾಡುತ್ತದೆ. ಯಕೃತ್ತಿನಲ್ಲಿ ಅದರ ಕಟ್ಟು ಬಿಚ್ಚುತ್ತದೆ, ಆಮೇಲೆ ಅದಕ್ಕೂ ಆ ಗುಣ ಬರುತ್ತದೆ. ಇನ್ನೊಂದು ವಿಷಯ ಕೇಳಿ. ನೊಣದ ಕಿಣ್ವದ ಕೈ ಕಟ್ಟುತ್ತದೆ ಅಂದೆನಲ್ಲ, ಆ ಬಗೆಯ ಕಿಣ್ವಗಳು ನಮ್ಮಲ್ಲೂ ಇವೆ. ಅವುಗಳಲ್ಲಿ ಒಂದು, ವಿಟಮಿನ್ ಇ ಮನೆತನದ ಗಾಮಾ ಟೊಕೊಫೆರಾಲನ್ನ ಒಡೆದು ಹೊರಗೆ ಕಳಿಸುತ್ತದೆ. ಸೆಸಮಿನ್ ಅದನ್ನ ತಡೆಯುತ್ತದೆ. 2001ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಎಳ್ಳು ಹಾಕಿದ ಮಫಿನ್ನನ್ನ ಮೂರು ದಿನ ತಿಂದವರ ರಕ್ತದಲ್ಲಿ ಗಾಮಾ ಟೊಕೊಫೆರಾಲ್ ಶೇ. 19ರಷ್ಟು ಏರಿತು. ಅಷ್ಟೇ ಪ್ರಮಾಣದ ಟೊಕೊಫೆರಾಲನ್ನ ಅಕ್ರೋಟಿನಿಂದಲೋ ಸೋಯಾ ಎಣ್ಣೆಯಿಂದಲೋ ಕೊಟ್ಟಾಗ ಏರಲಿಲ್ಲ. ತಿಂದವರು ಬರೀ ಒಂಬತ್ತು ಜನ, ಅದನ್ನೂ ಹೇಳಿಬಿಡುತ್ತೇನೆ. ಆದರೂ ನನಗೆ ಇದು ಚೆನ್ನಾಗಿ ಕಾಣುತ್ತದೆ. ಎಳ್ಳು ಕೊಟ್ಟದ್ದಕ್ಕಿಂತ, ಇದ್ದದ್ದನ್ನ ಹೊರಗೆ ಹೋಗದಂತೆ ಹಿಡಿದುಕೊಂಡದ್ದೇ ಇಲ್ಲಿ ಮುಖ್ಯ.

ಅಂದಹಾಗೆ ಹುಚ್ಚೆಳ್ಳು, ಉತ್ತರ ಕರ್ನಾಟಕದಲ್ಲಿ ಗುರೆಳ್ಳು, ಅದಕ್ಕೂ ಇದಕ್ಕೂ ಹೆಸರಿನಲ್ಲಿ ಬಿಟ್ಟರೆ ಸಂಬಂಧವಿಲ್ಲ. ಅದು ಸೂರ್ಯಕಾಂತಿ ಕುಟುಂಬದ ಕಾಳು. ಚಟ್ನಿಗೆ ಅದರ ಸರಿಸಾಟಿ ಇನ್ನೊಂದಿಲ್ಲ ಅನ್ನುವುದು ನನ್ನ ಖಾಸಗಿ ಅಭಿಪ್ರಾಯ, ಆದರೆ ಎಳ್ಳಿನ ಲಿಗ್ನಾನ್ ಲೆಕ್ಕಕ್ಕೆ ಅದನ್ನ ಸೇರಿಸಬೇಡಿ.

ಈಗ ಅಗಸೆ. ಮೈಸೂರು ಕಡೆಯವರಿಗೆ ಅಗಸೆ ಅಂದರೆ ಸೊಪ್ಪಿನ ಮರವೂ ಹೌದು, ನಾನು ಹೇಳುತ್ತಿರುವುದು ನೀಲಿ ಹೂವಿನ, ಕಂದು ಬಣ್ಣದ ನುಣುಪು ಬೀಜದ ಗಿಡ. ಧಾರವಾಡ, ಗದಗ, ವಿಜಯಪುರದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಅಗಸಿ. ಇದರ ಲಿಗ್ನಾನ್‌ಗೆ ಉದ್ದದ ಹೆಸರಿದೆ, ಸೆಕೊಐಸೊಲಾರಿಸಿರೆಸಿನಾಲ್ ಡೈಗ್ಲೂಕೋಸೈಡ್. ಒಂದೇ ಉಸಿರಿಗೆ ಹೇಳಿದರೆ ನಾಲಿಗೆ ಗಂಟು ಬೀಳುತ್ತದೆ, ಎಸ್‌ಡಿಜಿ ಅನ್ನೋಣ. ಇದೂ ಎರಡು ಸಕ್ಕರೆ ಹೊತ್ತದ್ದು, ಅದೂ ಒಂಟಿಯಾಗಿ ಇರುವುದಿಲ್ಲ, ಹಲವು ಸೇರಿ ಸರಪಳಿಯಾಗಿ ಬೀಜದ ಸಿಪ್ಪೆಯಲ್ಲಿ ಕೂತಿರುತ್ತದೆ. ಎಣ್ಣೆಗೂ ಅದಕ್ಕೂ ಆಗಿಬರುವುದಿಲ್ಲ. ಅಗಸೆಯನ್ನ ಹಿಂಡಿ ಎಣ್ಣೆ ತೆಗೆದರೆ ಎಸ್‌ಡಿಜಿ ಹೆಚ್ಚುಕಡಿಮೆ ಪೂರ್ತಿ ಹಿಂಡಿಯಲ್ಲೇ ನಿಲ್ಲುತ್ತದೆ. ಅಗಸೆ ಎಣ್ಣೆಯ ಕ್ಯಾಪ್ಸೂಲ್ ನುಂಗಿ ಲಿಗ್ನಾನ್ ಸಿಕ್ಕಿತು ಅಂದುಕೊಂಡವರು ಇಲ್ಲಿ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಒಮೆಗಾ ಕೊಬ್ಬು ಸಿಕ್ಕಿರುತ್ತದೆ, ಲಿಗ್ನಾನ್ ಸಿಕ್ಕಿರುವುದಿಲ್ಲ. ಕೆಲವು ಕಂಪನಿಗಳು ಅದನ್ನ ಆಮೇಲೆ ಬೇರೆಯಾಗಿ ಬೆರೆಸಿ ಮಾರುತ್ತವೆ, ಅದು ಬೇರೆ ಮಾತು.

ನಮ್ಮ ಉತ್ತರ ಕರ್ನಾಟಕದವರು ಚಟ್ನಿಪುಡಿಗೆ ಹಿಂಡಿ ಅನ್ನುತ್ತಾರೆ. ಶೇಂಗಾ ಹಿಂಡಿ, ಅಗಸಿ ಹಿಂಡಿ. ದನಕ್ಕೆ ಹಾಕುವುದಕ್ಕೂ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವುದಕ್ಕೂ ಹಿಂಡಿ ಅಂತ ಬೆಂಗಳೂರಿನ ಗೆಳೆಯರು ನಗುತ್ತಾರೆ. ನಗಲಿ ಬಿಡಿ. ಅಗಸಿ ಹಿಂಡಿಯಲ್ಲಿ ಕಾಳನ್ನ ಹುರಿದು, ಬೆಳ್ಳುಳ್ಳಿ, ಒಣಮೆಣಸು, ಉಪ್ಪು, ಹುಣಸೆ ಹಾಕಿ ಕುಟ್ಟುತ್ತಾರೆ, ಸಿಪ್ಪೆಯೂ ಒಳಗೇ, ಎಣ್ಣೆಯೂ ಒಳಗೇ. ಲಿಗ್ನಾನ್ ಲೆಕ್ಕದಲ್ಲಿ ನೋಡಿದರೆ ಇದಕ್ಕಿಂತ ಸರಿಯಾದ ವಿಧಾನ ಯಾವ ಆಹಾರ ತಜ್ಞರಿಗೂ ಹೊಳೆಯುತ್ತಿರಲಿಲ್ಲ.

ಕುಟ್ಟುವುದು ಯಾಕೆ ಮುಖ್ಯ? ಇಲ್ಲೊಂದು ಬಟ್ಟಲಲ್ಲಿ ನೆನೆಸಿಟ್ಟ ಅಗಸೆ ಇದೆ, ಬೇಕಾದವರು ಮುಟ್ಟಿ ನೋಡಿ. ಲೋಳೆ ಬಿಟ್ಟಿದೆ, ಬೆರಳಲ್ಲಿ ಹಿಡಿದರೆ ಮೀನಿನ ಹಾಗೆ ಜಾರುತ್ತದೆ. ಹಲ್ಲಿಗೂ ಹೀಗೇ ಜಾರುವುದು. ಅಗಿದೆ ಅಂದುಕೊಳ್ಳುತ್ತೀರಿ, ಅರ್ಧಕ್ಕರ್ಧ ಇಡಿಯಾಗಿಯೇ ಒಳಗೆ ಹೋಗಿ ಮಾರನೇ ದಿನ ಇಡಿಯಾಗಿಯೇ ಹೊರಗೆ ಬರುತ್ತದೆ. 2005ರಲ್ಲಿ ನೆದರ್ಲ್ಯಾಂಡ್ಸ್‌ನವರು ಇದನ್ನ ಅಳೆದು ನೋಡಿದರು. ನುಣ್ಣಗೆ ಪುಡಿ ಮಾಡಿದ ಅಗಸೆಯಿಂದ ರಕ್ತಕ್ಕೆ ಬಂದದ್ದು 100 ಅಂತ ಇಟ್ಟುಕೊಂಡರೆ, ಜಜ್ಜಿದ್ದರಿಂದ 43, ಇಡೀ ಕಾಳಿನಿಂದ 28. ಬನ್ ಮೇಲೆ ಚಂದಕ್ಕೆ ಉದುರಿಸಿದ ಅಗಸೆಯ ಬೆಲೆ ಇಷ್ಟು.

ರಕ್ತಕ್ಕೆ ಬರುವುದು ಅಂದೆ. ಬರುವುದು ಎಸ್‌ಡಿಜಿ ಅಲ್ಲ. ಅದರ ಕಥೆ ಪತ್ತೇದಾರಿ ಕಥೆಯ ಹಾಗಿದೆ. 1980ರ ಸುಮಾರಿಗೆ ಸೆಚೆಲ್, ಆಡ್ಲರ್‌ಕ್ರಾಯ್ಟ್ಸ್ ಮೊದಲಾದ ವಿಜ್ಞಾನಿಗಳು ಮೂತ್ರದಲ್ಲಿ ಹಾರ್ಮೋನುಗಳನ್ನ ಹುಡುಕುತ್ತಿದ್ದಾಗ ಎರಡು ಅಪರಿಚಿತ ವಸ್ತುಗಳು ಸಿಕ್ಕವು. ಹೆಣ್ಣುಮಕ್ಕಳ ತಿಂಗಳ ಚಕ್ರದ ಜೊತೆ ಅವು ಏರಿ ಇಳಿಯುವ ಹಾಗೆ ಕಂಡವು, ಬಸುರಿಯರಲ್ಲೂ ಕಂಡವು. ಎಲ್ಲರಿಗೂ ಇದು ಹೊಸ ಹಾರ್ಮೋನೇ ಇರಬೇಕು ಅನ್ನಿಸಿತು. ರಚನೆ ಬಿಡಿಸಿ ನೋಡಿದರೆ ಲಿಗ್ನಾನ್! ಲಿಗ್ನಾನ್ ಅಂದರೆ ಗಿಡದ್ದು, ಪ್ರಾಣಿಯ ದೇಹದಲ್ಲಿ ಅದಕ್ಕೇನು ಕೆಲಸ? ಆಮೇಲೆ ಹೊಟ್ಟೆಯಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಇಲಿಗಳನ್ನ ನೋಡಿದರು, ಅವುಗಳ ಮೂತ್ರದಲ್ಲಿ ಇದು ಇರಲಿಲ್ಲ. 1982ರ ಹೊತ್ತಿಗೆ ಅಗಸೆ ತಿನ್ನಿಸಿ ಮೂಲವನ್ನೂ ಹಿಡಿದರು. ಅಗಸೆಯ ಎಸ್‌ಡಿಜಿಯನ್ನ ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಂದರ ಹಿಂದೆ ಒಂದು ಸರದಿಯಲ್ಲಿ ಒಡೆಯುತ್ತವೆ. ಒಂದು ಗುಂಪು ಸಕ್ಕರೆ ಬಿಡಿಸುತ್ತದೆ, ಇನ್ನೊಂದು ಮೀಥೈಲ್ ತೆಗೆಯುತ್ತದೆ, ಮತ್ತೊಂದು ಆಮ್ಲಜನಕ ತೆಗೆಯುತ್ತದೆ, ಕೊನೆಗೆ ಎಂಟೆರೊಡಯಾಲ್, ಎಂಟೆರೊಲ್ಯಾಕ್ಟೋನ್ ಬರುತ್ತವೆ. ಮೂತ್ರದಲ್ಲಿ ಸಿಕ್ಕ ಆ ಇಬ್ಬರು ಅಪರಿಚಿತರು ಇವರೇ, ರಕ್ತಕ್ಕೆ ಬರುವುದೂ ಇವೇ. ಒಬ್ಬರು ಬಿಟ್ಟ ಕೆಲಸವನ್ನ ಇನ್ನೊಬ್ಬರು ಹಿಡಿಯುವ ಸಾಲು ಇದು. ಸಾಲಿನಲ್ಲಿ ಒಬ್ಬರು ರಜೆ ಹಾಕಿದರೂ ಕೆಲಸ ನಿಂತಿತು. ಫಿನ್ಲೆಂಡಿನಲ್ಲಿ ನೋಡಿದ್ದಾರೆ, ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಂಡವರ ರಕ್ತದಲ್ಲಿ ಎಂಟೆರೊಲ್ಯಾಕ್ಟೋನ್ ತಿಂಗಳುಗಟ್ಟಲೆ ಕಡಿಮೆಯೇ ಇತ್ತು. ಹಾಗಾಗಿ ಒಂದೇ ಡಬ್ಬಿಯ ಅಗಸಿ ಹಿಂಡಿ ತಿಂದ ಗಂಡ ಹೆಂಡತಿಗೆ ಸಿಗುವ ಲಾಭ ಒಂದೇ ಅಲ್ಲ.

ಪಟ್ಟಿ ನಂಬಬೇಡಿ ಅಂದೆನಲ್ಲ, ಅದಕ್ಕೊಂದು ಉದಾಹರಣೆ. ಎಲ್ಲರೂ ಉಲ್ಲೇಖಿಸುವ ಒಂದು ಡಚ್ ಪಟ್ಟಿ ಇದೆ. ಅದರಲ್ಲಿ ಅಗಸೆಗೆ 100 ಗ್ರಾಂಗೆ ಸುಮಾರು 300 ಮಿಲಿಗ್ರಾಂ, ಎಳ್ಳಿಗೆ 29. ಮೂರನೇ ಸ್ಥಾನದಿಂದ ಕೆಳಗೆ ಪಾತಾಳ, ಕೋಸಿನ ಜಾತಿಯ ತರಕಾರಿಗಳಲ್ಲಿ ಹೆಚ್ಚೆಂದರೆ ಎರಡು ಮಿಲಿಗ್ರಾಂ ಆಸುಪಾಸು. ಇದನ್ನ ಓದಿ ಎಳ್ಳು ಅಗಸೆಯ ಹತ್ತನೇ ಒಂದು ಪಾಲು ಅಂತ ಬರೆಯುತ್ತಾರೆ. ಆದರೆ ಆ ಪಟ್ಟಿ ಮಾಡಿದವರು ಅಳೆದದ್ದು ನಾಲ್ಕೇ ನಾಲ್ಕು ಲಿಗ್ನಾನ್, ಅದರಲ್ಲಿ ಸೆಸಮಿನ್ ಇಲ್ಲವೇ ಇಲ್ಲ! ಎಳ್ಳಿನ ಮನೆಗೆ ಹೋಗಿ ಯಜಮಾನನನ್ನ ಬಿಟ್ಟು ಬಂದ ನೆಂಟರನ್ನ ಎಣಿಸಿದ ಹಾಗಾಯಿತು. ಸೆಸಮಿನ್ ಸೇರಿಸಿದರೆ ಎಳ್ಳು ನೂರಾರು ಮಿಲಿಗ್ರಾಂ ಲೆಕ್ಕಕ್ಕೆ ಬರುತ್ತದೆ, ತಳಿಯಿಂದ ತಳಿಗೆ ಬದಲಾಗುತ್ತದೆ.

ಮಸಾಲೆಗಳಿಗೆ ಬಂದರೆ ಇಲ್ಲೂ ಅದೇ ಪ್ರಶ್ನೆ, ಎಲ್ಲಿ ಹೋಗುತ್ತದೆ ಅಂತ. ಜಾಕಾಯಿ ಮತ್ತು ಜಾಪತ್ರೆಯಲ್ಲಿ ಮ್ಯಾಸ್‌ಲಿಗ್ನಾನ್ ಮೊದಲಾದ ಒಂದು ದೊಡ್ಡ ಬಳಗವೇ ಇದೆ. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾದ ಮೇಲೆ ಅದರ ಪ್ರಯೋಗ ಮಾಡಿ, ತಟ್ಟೆಯಲ್ಲಿ ಒಳ್ಳೆಯ ಫಲಿತಾಂಶ ಕಂಡಿದ್ದಾರೆ. ತಟ್ಟೆ ಅಂದರೆ ಲ್ಯಾಬಿನ ಗಾಜಿನ ತಟ್ಟೆ, ಊಟದ್ದಲ್ಲ. ಆದರೆ ಜಾಕಾಯಿಯ ಘಮ ಲಿಗ್ನಾನಿನದ್ದಲ್ಲ, ಅದು ಹಾರಿಹೋಗುವ ಎಣ್ಣೆಯದ್ದು. ಆವಿಯಲ್ಲಿ ಬಟ್ಟಿ ಇಳಿಸಿ ಜಾಕಾಯಿ ಎಣ್ಣೆ ತೆಗೆದರೆ ಲಿಗ್ನಾನ್ ಹಂಡೆಯ ತಳದ ಚರಟದಲ್ಲೇ ಉಳಿಯುತ್ತದೆ. ಮತ್ತೆ, ಹೋಳಿಗೆಯ ಹೂರಣಕ್ಕೆ ನಾವು ಹಾಕುವ ಜಾಕಾಯಿ ಎಷ್ಟು? ತುರಿದರೆ ಒಂದು ಚಿಟಿಕೆ. ಒಂದು ಗ್ರಾಮೂ ಇಲ್ಲ, ಅದೂ ಮನೆಮಂದಿಗೆಲ್ಲ. ಜಾಸ್ತಿ ಹಾಕೋಣವೇ ಅಂದರೆ ಆಗುವುದಿಲ್ಲ, ಇಡೀ ಒಂದು ಕಾಯಿ ತಿಂದರೆ ಅದರಲ್ಲಿರುವ ಮಿರಿಸ್ಟಿಸಿನ್ ತಲೆ ಕೆಡಿಸುತ್ತದೆ, ಎದೆ ಬಡಿತ ಏರುತ್ತದೆ, ಆಸ್ಪತ್ರೆ ಸೇರಿದವರಿದ್ದಾರೆ. ಮಗುವಿಗೆ ನಿದ್ದೆ ಬರಲಿ ಅಂತ ಜಾಕಾಯಿ ತೇಯ್ದು ಕೊಡುವ ಮನೆಗಳಲ್ಲಿ ಇದನ್ನ ನೆನಪಿಟ್ಟುಕೊಳ್ಳಿ.

ಉತ್ತರ ಕನ್ನಡದವರು ಯಾರೋ ಇದ್ದೀರಿ, ರಾಮಪತ್ರೆ ಅಂತ ಆಗಲೇ ಪಿಸುಗುಟ್ಟಿದಿರಿ, ಕೇಳಿಸಿತು. ಹೌದು, ಘಟ್ಟದ ಕಾಡಿನ ರಾಮಪತ್ರೆ ಜಾಪತ್ರೆಯ ಸೋದರನೇ. ನೋಡೋಕೆ ಹತ್ತಿರ, ಘಮ ಕಡಿಮೆ, ಅದನ್ನ ಜಾಪತ್ರೆಗೆ ಬೆರೆಸುವ ಚಾಳಿ ಹಳೆಯದು. ಆದರೆ ರಾಮಪತ್ರೆಯ ಮುಖ್ಯ ವಸ್ತು ಮಲಬಾರಿಕೋನ್ ಅನ್ನುವ ಬೇರೆಯೇ ಗುಂಪು, ಅದು ಲಿಗ್ನಾನ್ ಅಲ್ಲ. ಅಂಗಡಿಯಲ್ಲಿ ಜಾಪತ್ರೆ ಕೇಳಿ ರಾಮಪತ್ರೆ ತಂದವರಿಗೆ ಜಾಪತ್ರೆಯ ಲಿಗ್ನಾನೂ ತಪ್ಪಿತು, ಪರಿಮಳವೂ ಹೋಯಿತು. ಕಾಳುಮೆಣಸಿನ ಖಾರ, ಅರಿಸಿನದ ಹಳದಿ, ಇವೂ ಲಿಗ್ನಾನ್ ಅಲ್ಲ, ಅವು ಬೇರೆ ಕಥೆ. ನೆಲನೆಲ್ಲಿಯ ಫಿಲ್ಲಾಂಥಿನ್ ಮಾತ್ರ ಲಿಗ್ನಾನೇ.

ಗಿಡದ್ದು ಅಂದ ಮಾತ್ರಕ್ಕೆ ಸೌಮ್ಯ ಅಂತಲ್ಲ, ಇದಕ್ಕೆ ಎರಡು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಅಮೆರಿಕದ ಮರುಭೂಮಿಯ ಕ್ರಿಯೊಸೋಟ್ ಪೊದೆಯಿಂದ ತೆಗೆದ ಎನ್‌ಡಿಜಿಎ ಅನ್ನುವ ಲಿಗ್ನಾನನ್ನ ಎಣ್ಣೆ, ಕೊಬ್ಬು ಕೆಡದಿರಲಿ ಅಂತ ವರ್ಷಗಟ್ಟಲೆ ಆಹಾರಕ್ಕೆ ಹಾಕುತ್ತಿದ್ದರು. ಇಲಿಗಳ ಮೂತ್ರಪಿಂಡದಲ್ಲಿ ಗುಳ್ಳೆ ಕಂಡ ಮೇಲೆ 1968ರಲ್ಲಿ ಸುರಕ್ಷಿತ ಪಟ್ಟಿಯಿಂದ ತೆಗೆದರು. ಜಾಕಾಯಿಯಲ್ಲಿ ಅದರ ಹತ್ತಿರದ ದಾಯಾದಿ ಒಬ್ಬ ಇದ್ದಾನೆ ಅನ್ನುವುದನ್ನೂ ಹೇಳಬೇಕು. ಇನ್ನೊಂದು, ಹಿಮಾಲಯದ ಒಂದು ಗಿಡದ ಬೇರಿನಲ್ಲಿರುವ ಪೊಡೊಫಿಲೊಟಾಕ್ಸಿನ್. ಜೀವಕೋಶ ಒಡೆದು ಎರಡಾಗುವುದನ್ನೇ ತಡೆಯುವ ವಿಷ. ಅದನ್ನೇ ತಿದ್ದಿ ತೀಡಿ ಎಟೊಪೊಸೈಡ್ ಅನ್ನುವ ಕ್ಯಾನ್ಸರ್ ಔಷಧಿ ಮಾಡಿದರು, 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಇವತ್ತಿಗೂ ಕೊಡುತ್ತಾರೆ. ಅದೂ ಲಿಗ್ನಾನ್ ವಂಶದ್ದೇ, ಸೆಸಮಿನ್ನಿನ ನೆಂಟನೇ.

ಪ್ರಶ್ನೆಗಳು ಕೆಲವು ಬಂದವು. ಒಬ್ಬರು, 'ಅಗಸೆಯಿಂದ ಬಿ.ಪಿ. ಇಳಿಯುತ್ತದಾ ಸರ್' ಅಂತ ಕೇಳಿದರು. ಕೆನಡಾದಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡ 110 ಜನರ ಮೇಲೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ, 2013ರಲ್ಲಿ ಪ್ರಕಟವಾಯಿತು. ದಿನಕ್ಕೆ 30 ಗ್ರಾಂ ಅಗಸೆ ಪುಡಿ, ಆರು ತಿಂಗಳು. ಅಗಸೆ ತಿಂದವರ ಮೇಲಿನ ಬಿ.ಪಿ. ಇನ್ನೊಂದು ಗುಂಪಿಗಿಂತ ಸುಮಾರು 10ರಷ್ಟು ಕಡಿಮೆ ಇತ್ತು. ಒಳ್ಳೆಯ ಅಂಕಿಯೇ. ಆದರೆ ಅಗಸೆಯಲ್ಲಿ ನಾರು ಇದೆ, ಒಮೆಗಾ ಕೊಬ್ಬು ಇದೆ, ಲಿಗ್ನಾನ್ ಇದೆ. ಮೂವರು ಸೇರಿ ಗೆದ್ದ ಪಂದ್ಯದ ಕಪ್ಪನ್ನ ಲಿಗ್ನಾನ್ ಒಬ್ಬನ ಕೈಗೆ ಕೊಡುವುದು ಸರಿಯಲ್ಲ. ಮಾತ್ರೆ ನಿಲ್ಲಿಸಿ ಅಗಸೆ ಹಿಡಿಯಬೇಡಿ, ಮಾತ್ರೆ ಜೊತೆಗೆ ಹಿಂಡಿ ತಿನ್ನಿ.

ಒಬ್ಬ ಹುಡುಗ ಸ್ವಲ್ಪ ಸಂಕೋಚದಿಂದ, ಜಿಮ್ಮಿನಲ್ಲಿ ಹೇಳಿದ್ದಾರೆ, ಇದು ಹೆಣ್ಣು ಹಾರ್ಮೋನಿನ ಥರ ಅಂತೆ, ಗಂಡಸರು ತಿನ್ನಬಾರದಂತೆ, ಹೌದಾ ಅಂದ. ಎಂಟೆರೊಲ್ಯಾಕ್ಟೋನ್ ಈಸ್ಟ್ರೋಜನ್ ಕೂರುವ ಕುರ್ಚಿಯಲ್ಲಿ ಕೂರಬಲ್ಲದು, ಆದರೆ ಬಹಳ ದುರ್ಬಲ. ರೊಟ್ಟಿ ಜೊತೆ ಎರಡು ಚಮಚ ಹಿಂಡಿ ತಿನ್ನುವ ಗಂಡಸರಿಗೆ ಏನೂ ಆಗುವುದಿಲ್ಲ, ವಿಜಯಪುರದ ಪೈಲ್ವಾನರನ್ನ ನೋಡಿದ್ದೀಯಲ್ಲಪ್ಪಾ ಅಂದೆ. ಬಸುರಿಯರು, ಸ್ತನ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳುವವರು ಮಾತ್ರ ಗಟ್ಟಿ ಸಾರದ ಕ್ಯಾಪ್ಸೂಲ್ ಮುಟ್ಟುವ ಮೊದಲು ಡಾಕ್ಟರನ್ನ ಕೇಳಬೇಕು. ಚಟ್ನಿಪುಡಿ ಬೇರೆ, ಗಟ್ಟಿ ಸಾರ ಬೇರೆ.

ಪುಡಿ ಎಷ್ಟು ದಿನ ಇಡಬಹುದು ಅಂತ ಒಬ್ಬರು ತಾಯಿ ಕೇಳಿದರು. ಲಿಗ್ನಾನ್‌ಗೆ ಅವಸರವಿಲ್ಲ, ಅದು ಬೇಗ ಕೆಡುವುದಿಲ್ಲ. ಕೆಡುವುದು ಎಣ್ಣೆ. ಅಗಸೆ ಎಣ್ಣೆ ಗಾಳಿಗೆ ಬಹಳ ಬೇಗ ಕನರುತ್ತದೆ, ಹಿಂದೆ ಅದನ್ನ ಬಣ್ಣ, ವಾರ್ನಿಷ್‌ಗೆ ಬಳಸುತ್ತಿದ್ದದ್ದೇ ಅದು ಗಾಳಿ ಹಿಡಿದು ಗಟ್ಟಿಯಾಗುವ ಕಾರಣಕ್ಕೆ. ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಫ್ರಿಜ್ಜಿದ್ದರೆ ಅದರೊಳಗೆ. ಕಹಿ ಅಥವಾ ಬಣ್ಣದ ಡಬ್ಬಿಯ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿ.

ಆ ತಾಯಿಯೇ ಎದ್ದು ಬಂದು ಚೀಲದಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ಅಂಗಡಿಯಲ್ಲಿ ಕೊಂಡ ತುಪ್ಪ, ಯಾಕೋ ಅನುಮಾನ, ನೀವು ಬರುತ್ತೀರಿ ಅಂತ ತಂದೆ, ನೋಡಿ ಹೇಳಿ ಅಂದರು. ಎಲ್ಲರ ಮುಂದೆಯೇ ಮೂರನೇ ಟ್ಯೂಬಿಗೆ ಹಾಕಿದೆ, ಅದೇ ಆಸಿಡ್, ಅದೇ ಹನಿಗಳು, ಎರಡು ನಿಮಿಷ ಅಲ್ಲಾಡಿಸಿದ್ದು. ಕೆಳಗಿನ ಪದರ ಬಣ್ಣವಿಲ್ಲದೆ ನಿಂತಿತು. ಅವರ ಮುಖ ಅರಳಿತು. ಅಮ್ಮ, ಸ್ವಲ್ಪ ತಡೆಯಿರಿ ಅಂದೆ. ಇದರಲ್ಲಿ ಎಳ್ಳೆಣ್ಣೆ ಇಲ್ಲ, ಅದನ್ನ ಸೇರಿಸಿದ ವನಸ್ಪತಿಯೂ ಇಲ್ಲ, ಅಷ್ಟು ಮಾತ್ರ ಟ್ಯೂಬು ಹೇಳುತ್ತಿದೆ. ಪಾಮ್ ಎಣ್ಣೆಯನ್ನೋ ಪ್ರಾಣಿ ಕೊಬ್ಬನ್ನೋ ನೇರವಾಗಿ ಬೆರೆಸಿದ್ದರೆ ಇದಕ್ಕೆ ಗೊತ್ತಾಗುವುದಿಲ್ಲ, ಅವುಗಳಲ್ಲಿ ಸೆಸಮೊಲಿನ್ ಇಲ್ಲವಲ್ಲ. ಅದಕ್ಕೆ ಬೇರೆ ಯಂತ್ರ ಬೇಕು. ಅವರು ಡಬ್ಬಿಯ ಮುಚ್ಚಳ ಹಾಕುತ್ತಾ, 'ಹಂಗಾದ್ರೆ ಬೆಣ್ಣೆ ತಂದು ನಾನೇ ಕಾಸ್ಕೊತೀನಿ ಬಿಡಿ' ಅಂದರು.